ಇಪ್ಪತ್ತೆರಡನೆಯ ಪ್ರತಿಯ ಕೆಳಂಚು

ಕತಾರಿಗೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿಯ ಬಿಸಿಲು, ಅಗಲವಾದ ರಸ್ತೆ ಮತ್ತು ಚಿನ್ನದಂಗಡಿಗಳ ವಿಷಯ ಹೇಳುತ್ತಾರೆ. ನಾನು ಹೇಳಬೇಕಾದದ್ದು ಒಂದು ಕಾಗದದ ಕೆಳಂಚಿನ ವಿಷಯ. ಅದರ ಅಗಲ ಮೂರು ಬೆರಳು ಇದ್ದೀತು. ಆ ಅಂಚಿನ ಸಲುವಾಗಿ ನಾನು ಎಂಟು ದಿನ ಪರದೇಶದಲ್ಲಿದ್ದೆ, ಅಲ್ಲಿ ಒಂದು ವಾದವನ್ನು ಗೆದ್ದೆ, ಮತ್ತು ಆ ಗೆಲುವನ್ನು ಇಂದಿಗೂ ಯಾರೆದುರೂ ಹೆಮ್ಮೆಯಿಂದ ಹೇಳಿಕೊಳ್ಳಲಾರೆ.

ಹಿನ್ನೆಲೆ ಇಷ್ಟು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕ. ವಿದ್ಯಾರ್ಥಿ ದೆಸೆಯಿಂದಲೂ ಚರ್ಚಾಸ್ಪರ್ಧೆಗಳ ಮನುಷ್ಯ. ನಮ್ಮ ಊರಿನಲ್ಲಿ ಯಹೂದಿಯೊಬ್ಬನನ್ನು ಕಣ್ಣಾರೆ ಕಂಡವರು ವಿರಳ; ಆದರೆ ಅವರ ಬಗ್ಗೆ ಖಚಿತವಾದ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಒಂದು ಜನರ ಊಟದ ಮೇಜನ್ನು, ಹಬ್ಬದ ತಟ್ಟೆಯನ್ನು, ಮದುವೆಯ ಚಪ್ಪರವನ್ನು ಕಂಡ ಮೇಲೆ ಅವರನ್ನು ದ್ವೇಷಿಸುವುದು ಕಷ್ಟವೆಂಬ ನಂಬಿಕೆಯಿಂದ ನಾನು ಆ ವಿಷಯದ ಅಚ್ಚುಚಿತ್ರಗಳನ್ನು ಸಂಗ್ರಹಿಸತೊಡಗಿದೆ.

ಇವು ಕ್ಯಾಲೆಂಡರಿನ ಚಿತ್ರಗಳಂತೆ ಲೆಕ್ಕವಿಲ್ಲದೆ ಮುದ್ರಣವಾದವುಗಳಲ್ಲ. ಕಲಾವಿದ ತಾಮ್ರದ ಫಲಕದ ಮೇಲೆ ಚಿತ್ರ ಕೊರೆದು, ಗೊತ್ತಾದಷ್ಟೇ ಪ್ರತಿ ತೆಗೆದು, ಬಳಿಕ ಫಲಕದ ಮೇಲೆ ಅಡ್ಡಗೀರು ಎಳೆದು ಅದನ್ನು ಕೆಡಿಸಿಬಿಡುತ್ತಾನೆ. ಪ್ರತಿ ಹಾಳೆಯ ಕೆಳಗಿನ ಖಾಲಿ ಅಂಚಿನಲ್ಲಿ ಎಡಕ್ಕೆ ಪೆನ್ಸಿಲಿನಿಂದ ಸಂಖ್ಯೆ, ಬಲಕ್ಕೆ ಸಹಿ. ಆ ಅಂಚು ಹೋದರೆ ಸಂಗ್ರಹಕಾರನ ಪಾಲಿಗೆ ಚಿತ್ರ ಅನಾಥ.

ಕೊಚ್ಚಿಯ ಯಹೂದಿ ಬೀದಿಯಲ್ಲಿ, ಮಕ್ಕಳಿದ್ದ ಇಸ್ರೇಲಿಗೆ ಮನೆ ಖಾಲಿ ಮಾಡಿ ಹೊರಟಿದ್ದ ವೃದ್ಧೆಯೊಬ್ಬರಿಂದ ಅಂಥ ಆರು ಚಿತ್ರಗಳು ನನಗೆ ದೊರೆತವು. ಮುಂಬಯಿಯ ಬೆನೆ ಇಸ್ರೇಲ್ ಯಹೂದಿ ಕಲಾವಿದನೊಬ್ಬನ ಏಳು ಚಿತ್ರಗಳ ಸರಣಿ ಅದು. ಪ್ರತಿಯೊಂದರ ಎಪ್ಪತ್ತೈದು ಪ್ರತಿಗಳಲ್ಲಿ ಇವು ಇಪ್ಪತ್ತೆರಡನೆಯವು. ಏಳನೆಯದೆಲ್ಲಿ ಎಂದು ಕೇಳಿದೆ. "ನಮ್ಮ ಯಜಮಾನರು ಅದನ್ನು ಮಂಗಳೂರಿನ ಮೆಣಸಿನ ವ್ಯಾಪಾರಿ ಇಸ್ಮಾಯಿಲರಿಗೆ ಕೊಟ್ಟುಬಿಟ್ಟರು" ಎಂದರು ಆಕೆ. ನಾಲ್ಕು ವರ್ಷ ಹುಡುಕಿದೆ. ಇಸ್ಮಾಯಿಲರು ತೀರಿಕೊಂಡಿದ್ದರು. ಅವರ ಮಗ ಯೂಸುಫ್ ಹಾಜಿ ಬಹುಕಾಲದಿಂದ ದೋಹಾದಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದಾರೆಂದು ಮಂಗಳೂರಿನ ಬಂದರಿನಲ್ಲಿ ತಿಳಿಯಿತು. ಅದೇ ವರ್ಷ ದೋಹಾದ ಕನ್ನಡಿಗರು ರಾಜ್ಯೋತ್ಸವಕ್ಕೆ ಭಾಷಣಕಾರರನ್ನು ಅರಸುತ್ತಿದ್ದರು. ನಾನು ಒಪ್ಪಿಕೊಂಡದ್ದು ಕನ್ನಡದ ಮೇಲಿನ ಪ್ರೀತಿಯಿಂದಲೇ ಎಂದು ಆಗ ಹೇಳಿದ್ದೆ. ಅದು ಅರ್ಧಸತ್ಯ.

ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ಆ ಆರು ಚಿತ್ರಗಳ ಫೋಟೋ ಆಲ್ಬಮ್ ಇತ್ತು. ಅರಬ್ ದೇಶವೊಂದರಲ್ಲಿ ಯಹೂದಿ ಹಬ್ಬಗಳ ಚಿತ್ರ ಹಿಡಿದು ಇಳಿಯುವವನು ಪ್ರಶ್ನೆಗಳಿಗೆ ಸಿದ್ಧನಿರಬೇಕೆಂದು ವಿಮಾನದಲ್ಲಿಯೇ ಮೂರು ಅಂಶಗಳ ಸಮರ್ಥನೆಯೊಂದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

ಸುಂಕದ ಕಟ್ಟೆಯ ಯುವ ಅಧಿಕಾರಿ ಆಲ್ಬಮ್ ತೆರೆದು ಒಂದೊಂದೇ ಪುಟ ತಿರುವಿದ. ಯಹೂದಿ ವಿಧಿಗೆಂದು ಜಡೆಯಂತೆ ಹೆಣೆದ ಮೇಣದಬತ್ತಿಯ ಮುಂದೆ ಅವನ ಕೈ ನಿಲ್ಲಲಿಲ್ಲ. ಬೆನೆ ಇಸ್ರೇಲರು ಹರಕೆಗೆ ಮಾಡುವ ಮಲಿದಾದ ಮುಂದೆ ನಿಂತಿತು. ಅವಲಕ್ಕಿ, ತೆಂಗಿನ ತುರಿ, ಹಣ್ಣು ತುಂಬಿದ ತಟ್ಟೆ ಅದು. ನಮ್ಮ ಪಂಚಕಜ್ಜಾಯದ ದಾಯಾದಿಯೆಂದರೂ ಸಲ್ಲುತ್ತದೆ.

"ರೈಸ್?" ಎಂದು ಕೇಳಿದ.

"ರೈಸ್" ಎಂದೆ.

"ಸ್ವೀಟ್?"

"ಸ್ವೀಟ್."

"ಗುಡ್. ಯಲ್ಲಾ, ಯಲ್ಲಾ" ಎಂದು ಮುಂದಿನವನನ್ನು ಕರೆದ. ನನ್ನ ಮೂರು ಅಂಶಗಳೂ ಬಾಯಲ್ಲಿಯೇ ಉಳಿದವು. ನಿಜ ಹೇಳಬೇಕೆಂದರೆ ನನಗೆ ತುಸು ನಿರಾಸೆಯೇ ಆಯಿತು.

ಕಡಲ ದಂಡೆಯ ರಸ್ತೆ

ನನ್ನನ್ನು ತನ್ನ ಮನೆಗೆ ಕರೆದೊಯ್ಯಲು ಬಂದವನು ರಘುನಾಥ. ನನ್ನ ಹಳೆಯ ವಿದ್ಯಾರ್ಥಿ, ಒಂದು ಕಾಲಕ್ಕೆ ನಮ್ಮ ಚರ್ಚಾತಂಡದ ನಾಯಕ; ಈಗ ಅಲ್ಲಿಯ ಕಚೇರಿಯೊಂದರಲ್ಲಿ ಎಂಜಿನಿಯರ್. ಅವನ ಹೆಂಡತಿ ಸುಧಾ ಮೈಸೂರಿನವರು. ಮೊದಲ ಸಂಜೆ ಇಬ್ಬರೂ ಕಡಲ ದಂಡೆಯುದ್ದಕ್ಕೂ ಕಾರಿನಲ್ಲಿ ಸುತ್ತಿಸಿದರು. ಕೊಲ್ಲಿಯ ಆಚೆ ತುದಿಯ ವೆಸ್ಟ್ ಬೇಯಲ್ಲಿ ಆಗ ಇದ್ದದ್ದು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಒಂಟಿ ಹೋಟೆಲು. ಅದರ ಸುತ್ತ ಮರಳು, ಗಾಳಿ. ನಮ್ಮ ಕಡಲ ದಂಡೆಗಳಲ್ಲಿ ಮೀನಿನ ವಾಸನೆ, ಕಡಲೆಕಾಯಿ, ಜಗಳ ಎಲ್ಲ ಇರುತ್ತವೆ. ಇಲ್ಲಿ ಕುಟುಂಬಗಳು ಹುಲ್ಲಿನ ಮೇಲೆ ರತ್ನಗಂಬಳಿ ಹಾಸಿಕೊಂಡು, ಕಡಲಿಗೆ ಬೆನ್ನು ಮಾಡಿ, ಓಡುವ ಕಾರುಗಳನ್ನು ನೋಡುತ್ತ ಕುಳಿತಿದ್ದವು.

ಚಹಾದಂಗಡಿಯೆದುರು ರಘು ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಒತ್ತಿದ. ಒಳಗಿನಿಂದ ಮಲಯಾಳಿಯೊಬ್ಬರು ಓಡಿಬಂದು ಕಿಟಕಿಯ ಬಳಿ ಬಗ್ಗಿದರು. ಮನುಷ್ಯನನ್ನು ಹಾರ್ನ್ ಒತ್ತಿ ಕರೆಯುವುದು ಶ್ರಮಕ್ಕೆ ಮಾಡುವ ಅವಮಾನವೆಂದು ನಾನು ಖಂಡಿಸಿದೆ. ಇಳಿದು ಒಳಗೆ ಹೋಗಿ ಕುಡಿಯುವುದಾಗಿ ಅವರಿಗೆ ಹಿಂದಿಯಲ್ಲಿ ಹೇಳಿದೆ.

"ಒಳಗೆ ಜಾಗ ಎಲ್ಲಿದೆ ಸಾಬ್? ಸ್ಟವ್ ಇದೆ, ನಾನಿದ್ದೇನೆ. ನೀವು ಬಂದರೆ ನಾನು ಹೊರಗೆ ನಿಲ್ಲಬೇಕು" ಎಂದರು ಅವರು ಹಿಂದಿಯಲ್ಲಿಯೇ.

ಸುಧಾ ಕಿಟಕಿಯತ್ತ ತಿರುಗಿ ನಕ್ಕರು. ರಘು ಮಾತ್ರ ಗಂಭೀರನಾಗಿ ಹೇಳಿದ: "ಸಾರ್, ನಾಳೆ ಹಾಜಿಯವರ ಮನೆಗೆ ಹೋಗ್ತೀವಲ್ಲ, ಒಂದು ಮಾತು. ಅವರ ಮನೇಲಿ ಯಾವ ವಸ್ತೂನೂ ಜಾಸ್ತಿ ಹೊಗಳ್ಬೇಡಿ. ಇಲ್ಲಿಯ ಅರಬರ ಹಾಗೇ ಅವರು. ಬಂದವರು ಕಣ್ಣು ಹಾಕಿದ್ರೆ ಕೊಟ್ಟೇಬಿಡ್ತಾರೆ."

"ಹಾಗೆ ಪಡೆಯುವುದು ನನಗೆ ಬೇಡ. ಅವರಿಗೆ ಮನವರಿಕೆ ಆಗಬೇಕು" ಎಂದೆ.

"ಅಯ್ಯೋ, ಡಿಬೇಟ್ ಮಾಡ್ತೀರಾ ಮೇಷ್ಟ್ರೇ?" ಎಂದರು ಸುಧಾ.

ನಜ್ಮಾ

ನಜ್ಮಾ ಬಡಾವಣೆಯ ತಗ್ಗಾದ ಮನೆಯೊಂದರ ಬಾಗಿಲಲ್ಲಿ ಯೂಸುಫ್ ಹಾಜಿ ಸ್ವತಃ ನಿಂತಿದ್ದರು. ಬಿಳಿ ಲುಂಗಿ, ಬಿಳಿ ಟೋಪಿ, ಕತ್ತಿನಲ್ಲಿ ಬಟ್ಟೆ ಅಳೆಯುವ ಟೇಪು. ಅಂಗಡಿಯಿಂದ ಬಂದವರು ಅದನ್ನು ತೆಗೆಯಲು ಮರೆತಿದ್ದರು.

"ಬನ್ನಿ ಮಾಸ್ಟ್ರೆ, ಬನ್ನಿ. ದಾವಣಗೆರೆಯವ್ರಂತೆ. ನಮ್ಮ ಅಂಗಡಿಗೆ ಒಂದು ಕಾಲದಲ್ಲಿ ಅಲ್ಲಿಂದ್ಲೇ ಬಟ್ಟೆ ಬರ್ತಿತ್ತು. ಕೂತ್ಕೊಳ್ಳಿ, ಚಪ್ಪಲಿ ಅಲ್ಲೇ ಇರ್ಲಿ, ಯಾರೂ ಕೊಂಡೋಗುದಿಲ್ಲ."

ಅತಿಥಿಗಳ ಕೋಣೆಯ ಎದುರು ಗೋಡೆಯ ಮೇಲೆಯೇ ಅದಿತ್ತು. ಯಹೂದಿಗಳ ವಾರದ ವಿಶ್ರಾಂತಿ ದಿನ ಶುರುವಾಗುವ ಶುಕ್ರವಾರ ಸಂಜೆಯ ಮೇಜು: ಎರಡು ಮೇಣದಬತ್ತಿ, ಬಟ್ಟೆ ಮುಚ್ಚಿದ ರೊಟ್ಟಿ, ಒಂದು ಬಟ್ಟಲು, ತುಸು ಹಿಂದಕ್ಕೆ ಎಳೆದ ಒಂದು ಖಾಲಿ ಕುರ್ಚಿ. ಚಿತ್ರದಲ್ಲಿ ಮನುಷ್ಯರಿಲ್ಲ. ಕಪ್ಪು ಶಾಯಿಯ ನಡುವೆ ಬತ್ತಿಯ ಬೆಳಕು ಮಾತ್ರ ಕಾಗದದ ಬಿಳುಪಿನಲ್ಲಿ ಉಳಿದಿತ್ತು. ನಾನು ಕೂರುವುದನ್ನೂ ಮರೆತು ನಿಂತೆ.

"ಆ ಕುರ್ಚಿ ನಮ್ಮ ತಂದೆಯದ್ದು" ಎಂದರು ಹಾಜಿಯವರು.

ನಾನು ತಿರುಗಿ ನೋಡಿದೆ.

"ಅವ್ರು ಹಾಗೆ ಹೇಳ್ತಿದ್ದದ್ದು. ಕೊಚ್ಚಿಗೆ ಹೋದ್ರೆ ಈ ಚಿತ್ರ ಕೊಟ್ಟವ್ರ ಮನೆಯಲ್ಲೇ ಇರುದು. ಶುಕ್ರವಾರ ಸಂಜೆ ಮೇಲೆ ಆ ಮನೆಯವ್ರು ದೀಪ ಮುಟ್ಟುದಿಲ್ಲ, ಒಲೆ ಮುಟ್ಟುದಿಲ್ಲ. ನಮ್ಮ ತಂದೆ ಒಟ್ಟಿಗೆ ಊಟ ಮಾಡಿ, ಎಲ್ರೂ ಎದ್ದ ಮೇಲೆ ದೀಪ ಆರಿಸಿ ಮಲಗುದು. ಚಿತ್ರ ಬರ್ದವ ನಮ್ಮ ತಂದೆಯನ್ನು ಕಂಡೇ ಇಲ್ಲ, ಅದು ಬೇರೆ ವಿಷಯ."

"ಇಲ್ಲಿಗೆ ಬರುವವರು ಏನೂ ಕೇಳುವುದಿಲ್ಲವೇ?"

"ಕೇಳ್ತಾರಪ್ಪ. ತಂದೆಯ ಸ್ನೇಹಿತರ ಮನೆ ಅಂತ ಹೇಳ್ತೇನೆ. ಮತ್ತೆ ಎಂತ ಕೇಳ್ಲಿಕ್ಕುಂಟು?"

ಅವರೇ ಚೌಕಟ್ಟನ್ನು ಇಳಿಸಿ, ಹಿಂದಿನ ಹಲಗೆ ಸರಿಸಿ, ಒಳಗೆ ಅಡಗಿದ್ದ ಅಂಚನ್ನು ತೋರಿಸಿದರು. ಎಡಕ್ಕೆ 22/75. ಬಲಕ್ಕೆ ಕಲಾವಿದನ ಸಹಿ. ನಡುವೆ ಬೇರೊಂದು ಕೈಯ ಮಲಯಾಳಂ ಬರಹ. ಹಾಜಿಯವರು ಬೆರಳಿಟ್ಟು ಓದಿ ಅರ್ಥ ಹೇಳಿದರು: ನನ್ನ ತಮ್ಮ ಇಸ್ಮಾಯಿಲನಿಗೆ, ನಮ್ಮ ಶುಕ್ರವಾರಗಳ ನೆನಪಿಗೆ.

ಆ ಕ್ಷಣದಲ್ಲಿ ನಾನು ನೋಡಿದ್ದು ಎಡಗಡೆಯ ಸಂಖ್ಯೆಯನ್ನು.

ನನ್ನ ಆಲ್ಬಮ್ ತೆರೆದು ಆರನ್ನೂ ತೋರಿಸಿದೆ. ಏಳೂ ಸೇರಿದರೆ ನಮ್ಮ ಕಾಲೇಜಿನಲ್ಲಿ ಪ್ರದರ್ಶನ, ಬಳಿಕ ಊರೂರಿಗೆ. ಏಳನೆಯದನ್ನು ಕೇಳಿಯೇಬಿಟ್ಟೆ. ಬೆಲೆಯ ಮಾತು ಎತ್ತಿದಾಗ ಹಾಜಿಯವರು ಕೈಯೆತ್ತಿ ತಡೆದರು.

"ಅದು ಇಲ್ಲಿ ಇರ್ಲಿ ಮಾಸ್ಟ್ರೆ. ನೀವು ಊಟ ಮಾಡಿ" ಎಂದರು.

ಬಟ್ಟೆಯ ಸೂಕ್

ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಒಬ್ಬನೇ ಹಳೆಯ ಪೇಟೆಗೆ, ಅವರು ಸೂಕ್ ಎನ್ನುವ ಕಡೆಗೆ, ನಡೆದುಹೋದೆ. ಸಾಲಿಗೆ ಸಾಲೇ ಅಂಗಡಿ ಮುಚ್ಚಿತ್ತು. ಯಾವನೋ ದೊಡ್ಡ ಮನುಷ್ಯ ಸತ್ತಿರಬೇಕೆಂದುಕೊಂಡು, ಮೆಟ್ಟಿಲ ಮೇಲೆ ಕುಳಿತಿದ್ದ ಹಮಾಲನೊಬ್ಬನಿಗೆ ಸಂತಾಪದ ಮುಖ ತೋರಿಸಿದೆ. ಅವನು ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ ತೋರಿಸಿದ. ಊರಿಗೆ ಊರೇ ನಿದ್ದೆ ಮಾಡುತ್ತಿತ್ತು. ದಾವಣಗೆರೆಯಲ್ಲಿ ಮಧ್ಯಾಹ್ನ ಮಲಗುವ ವ್ಯಾಪಾರಿಯೂ ಬಾಗಿಲು ತೆರೆದು ಗಲ್ಲಾದ ಮೇಲೆಯೇ ತೂಕಡಿಸುತ್ತಾನೆ. ನಾಲ್ಕರವರೆಗೆ ಆ ಹಮಾಲನ ಪಕ್ಕದಲ್ಲಿಯೇ ಕುಳಿತು ನನ್ನ ವಾದವನ್ನು ಮನಸ್ಸಿನಲ್ಲಿ ಕಟ್ಟಿದೆ. ಪರದೇಶದಲ್ಲಿ ನನಗೆ ಸಿಕ್ಕ ಆ ಎರಡು ಗಂಟೆಗಳ ಬಿಡುವನ್ನು ಬೇರೆ ಯಾವುದಕ್ಕಾದರೂ ಬಳಸಬಹುದಿತ್ತು.

ಹಾಜಿಯವರು ಬಂದು ಬಾಗಿಲೆತ್ತಿದರು. ಕಂಬಳಿ, ಪರದೆ, ಥಾನುಗಟ್ಟಲೆ ಸುರುಳಿ ಸುತ್ತಿದ ಬಿಳಿ ಬಟ್ಟೆ. ಗಿರಾಕಿಯೊಬ್ಬರಿಗೆ ಅವರು ಬಟ್ಟೆ ಕತ್ತರಿಸುವುದನ್ನು ನೋಡಿದೆ. ಗೀರು ಹಾಕಲಿಲ್ಲ, ಪಟ್ಟಿ ಇಡಲಿಲ್ಲ. ದೊಡ್ಡ ಕತ್ತರಿಯನ್ನು ಒಮ್ಮೆ ತೆರೆದು ದೂಡಿದರೆ ಅದು ನೂಲಿನ ನೇರಕ್ಕೆ ಕೊನೆಯವರೆಗೂ ಹೋಯಿತು.

ನಾನು ಆರಂಭಿಸಿದೆ. ಕೊಡುಗೆಯ ಉದ್ದೇಶ ನೆನಪು. ನೆನಪು ನಾಲ್ಕು ಗೋಡೆಯೊಳಗೆ ಸೊರಗುತ್ತದೆ, ಹಂಚಿದರೆ ಬೆಳೆಯುತ್ತದೆ. ಒಂದು ಕೃತಿಯ ಏಳನೆಯ ಭಾಗವನ್ನು ಉಳಿದ ಆರರಿಂದ ಅಗಲಿಸಿಡುವುದು ಕಲಾವಿದನಿಗೆ ಮಾಡುವ ಅನ್ಯಾಯ. ಕೊನೆಯದಾಗಿ, ಹಾಜಿಯವರೇ, ನಿಮ್ಮ ನಂತರ ಏನು? ನಿಮ್ಮ ಮಕ್ಕಳಿಗೆ ಆ ಮಲಯಾಳಂ ಸಾಲು ಓದಲು ಬರುತ್ತದೆಯೇ?

ಮೂರನೆಯ ಅಂಶವನ್ನು ಕೊನೆಗೆ ಉಳಿಸಿಕೊಂಡದ್ದು ಅಭ್ಯಾಸಬಲ. ಬಲವಾದ ಏಟು ಕಡೆಗೆ ಬರಬೇಕೆಂದು ನಾನೇ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ.

ಹಾಜಿಯವರು ಕತ್ತರಿಯನ್ನು ಕೆಳಗಿಟ್ಟರು. "ಇಲ್ಲ. ಅವ್ರಿಗೆ ಬರುದಿಲ್ಲ" ಎಂದರು. ಬಳಿಕ ಕತ್ತರಿಸಿದ ಬಟ್ಟೆಯನ್ನು ಮಡಿಸತೊಡಗಿದರು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮೌನಕ್ಕೆ ಅಂಕ ಸಿಗುತ್ತದೆ. ನಾನು ಆ ಅಂಕವನ್ನು ಮನಸ್ಸಿನಲ್ಲಿ ಬರೆದುಕೊಂಡು ಎದ್ದೆ.

ವೇದಿಕೆ

ರಾಜ್ಯೋತ್ಸವ ನಡೆದದ್ದು ಗುರುವಾರ ಸಂಜೆ, ಶಾಲೆಯೊಂದರ ಸಭಾಂಗಣದಲ್ಲಿ. ಅಲ್ಲಿ ಗುರುವಾರವೇ ನಮ್ಮ ಶನಿವಾರ, ಶುಕ್ರವಾರವೇ ನಮ್ಮ ಭಾನುವಾರ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರೆಲ್ಲ ಒಟ್ಟಿಗೆ ಕುಳಿತು ಕನ್ನಡದ ಹೆಸರಿನಲ್ಲಿ ಬಿಸಿಬೇಳೆಬಾತ್ ಉಣ್ಣುವುದನ್ನು ನೋಡಿ ನನ್ನ ಹೃದಯ ತುಂಬಿಬಂತು. ಸೌಹಾರ್ದದ ಮೇಲೆ ನಲವತ್ತು ನಿಮಿಷ ಮಾತನಾಡಿದೆ. ಇಳಿಯುವ ಮುನ್ನ, ಮೊದಲೇ ಯೋಚಿಸಿರದ ಮಾತೊಂದು ಬಾಯಿಗೆ ಬಂತು. ಕೊಚ್ಚಿಯ ಮನೆ, ಮಂಗಳೂರಿನ ವ್ಯಾಪಾರಿ, ಏಳನೆಯ ಚಿತ್ರ, ಎಲ್ಲವನ್ನೂ ಹೇಳಿ, "ಅಂಥ ತಂದೆಯ ಮಗ ಈ ಸಭೆಯಲ್ಲಿಯೇ ಇದ್ದಾರೆ. ಆ ಚಿತ್ರವನ್ನು ನಾಡಿಗೆ ಕೊಡಿರೆಂದು ನಿಮ್ಮೆಲ್ಲರ ಪರವಾಗಿ ಅವರನ್ನು ಕೇಳುತ್ತೇನೆ" ಎಂದೆ.

ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿದ್ದ ಹಾಜಿಯವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದರು.

ಕಾರಿನಲ್ಲಿ ಮನೆಗೆ ಹೊರಟೆವು. ನಾನೇ, "ಹೇಗಿತ್ತು ರಘು?" ಎಂದೆ.

"ಭಾಷಣ ಚೆನ್ನಾಗಿತ್ತು ಸಾರ್" ಎಂದ, "ಭಾಷಣ" ಎಂಬಲ್ಲಿ ತುಸು ನಿಂತು.

ಶುಕ್ರವಾರದ ಬೆಳಿಗ್ಗೆ

ಎರಡು ರಟ್ಟಿನ ನಡುವೆ ಭದ್ರಮಾಡಿ, ಬಿಳಿ ಬಟ್ಟೆಯಲ್ಲಿ ಹೊಲಿದ ಪೊಟ್ಟಣವನ್ನು ಹಾಜಿಯವರು ಬೆಳಿಗ್ಗೆಯೇ ಕಳುಹಿಸಿಕೊಟ್ಟಿದ್ದರು. ವಿಮಾನದಲ್ಲಿ ಒಡೆದೀತೆಂದು ಗಾಜು, ಚೌಕಟ್ಟು ತೆಗೆದಿದ್ದರು. ಹೊಲಿಗೆ ಬಿಚ್ಚಿ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಡಿಸಿದೆ. ಮೇಣದಬತ್ತಿ, ರೊಟ್ಟಿ, ಬಟ್ಟಲು, ಕುರ್ಚಿ. ಕುರ್ಚಿಯ ಕಾಲಿನ ಕೆಳಗೆ ಕಾಗದವೇ ಇರಲಿಲ್ಲ.

ಅಂಚನ್ನು ಕತ್ತರಿಸಲಾಗಿತ್ತು. ಅತ್ತಿತ್ತ ಕೂದಲೆಳೆಯಷ್ಟೂ ವಾಲದ ನೇರ ಕತ್ತರಿಯ ಗೆರೆ. ಸಂಖ್ಯೆಯಿಲ್ಲ, ಸಹಿಯಿಲ್ಲ.

ನನ್ನಿಂದ ಹೊರಟ ಸದ್ದಿಗೆ ಸುಧಾ ಅಡುಗೆಮನೆಯಿಂದ ಓಡಿಬಂದರು. ಸರ್ವನಾಶವಾಯಿತೆಂದೆ; ಫಲಕ ಕೆಟ್ಟು ದಶಕಗಳಾದವು, ಇನ್ನೊಂದು ಪ್ರತಿ ಈ ಭೂಮಿಯ ಮೇಲೆ ಹುಟ್ಟದು, ಇಂಥ ಅವಿವೇಕವೂ ಉಂಟೇ ಎಂದೆಲ್ಲ ಕೂಗಾಡಿದೆ. ಅವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು.

"ಚಿತ್ರ ಹಾಗೇ ಇದೆಯಲ್ಲ ಮೇಷ್ಟ್ರೇ?" ಎಂದರು. "ಜನ ನೋಡ್ಲಿ ಅಂತ ತಾನೇ ನೀವು ಕೇಳಿದ್ದು? ನೋಡೋರಿಗೆ ಏನು ಕಮ್ಮಿಯಾಯ್ತು?"

ನಾನು ಹಾಳೆಯನ್ನು ಮತ್ತೆ ರಟ್ಟಿನ ನಡುವೆ ಸೇರಿಸಿದೆ. ಮಧ್ಯಾಹ್ನದ ಹೊತ್ತಿಗೆ ರಘುವನ್ನು ಹೊರಡಿಸಿ ಚಪ್ಪಲಿ ಮೆಟ್ಟಿದೆ.

ಮತ್ತೆ ನಜ್ಮಾ

ಜುಮಾ ನಮಾಜು ಮುಗಿಸಿ ಹಾಜಿಯವರು ಆಗತಾನೆ ಬಂದಿದ್ದರು. ಎದುರು ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಅದರ ಕೆಳಗೆ ಚೌಕಟ್ಟು ಇದ್ದಷ್ಟು ಜಾಗದ ಸುಣ್ಣ ಹೊಸದರಂತೆ ಬೆಳ್ಳಗಿತ್ತು. ರಘು ಬಾಗಿಲ ಬಳಿಯೇ ನಿಂತ. ನಾನು ಕೂರದೆಯೇ ಕೇಳಿದೆ, ಅಂಚನ್ನೇಕೆ ಕತ್ತರಿಸಿದಿರಿ ಎಂದು.

ಅವರಿಗೆ ಆಶ್ಚರ್ಯವಾಯಿತು. "ಅದ್ರಲ್ಲಿ ನಮ್ಮ ತಂದೆಯ ಹೆಸ್ರು ಉಂಟಲ್ಲ ಮಾಸ್ಟ್ರೆ. ನೀವು ಕೇಳಿದ್ದು ಚಿತ್ರ. ಚಿತ್ರ ಕೊಟ್ಟೆ. ಆ ಗೆರೆ ಬರ್ದದ್ದು ಅವ್ರಿಗೆ. ನಿಮಗೂ ಅಲ್ಲ, ನಿಮ್ಮ ಕಾಲೇಜಿಗೂ ಅಲ್ಲ. ಅದನ್ನು ಊರೆಲ್ಲ ತೋರಿಸಿದ್ರೆ ಹೇಗೆ ಆಗ್ತದೆ?"

"ಸಂಖ್ಯೆ, ಸಹಿ ಕೂಡ ಹೋಯಿತಲ್ಲ?"

"ನಂಬರಾ?" ಅವರು ರಘುವಿನತ್ತ ನೋಡಿದರು. "ನಂಬರಿಂದ ಎಂತ ಆಗ್ಲಿಕ್ಕುಂಟು? ಅದು ಬಟ್ಟೆ ಮಿಲ್ಲಿನವ್ರು ಥಾನಿನ ಕೊನೆಗೆ ಬರೀತಾರಲ್ಲ, ಹಾಗೆ ಅಂತ ಗ್ರಹಿಸಿದೆ. ಅದನ್ನು ನಾವು ಯಾವಾಗ್ಲೂ ಕತ್ತರಿಸಿಯೇ ಕೊಡುದು."

ಥಾನಿನ ತುದಿಯಲ್ಲಿ ಗಿರಣಿಯ ಮುದ್ರೆ ಇರುವ ತುಂಡನ್ನು ಒಳ್ಳೆಯ ವ್ಯಾಪಾರಿ ಗಿರಾಕಿಗೆ ಕೊಡುವುದಿಲ್ಲ; ಅದು ನನಗೂ ಗೊತ್ತಿತ್ತು. ದಾವಣಗೆರೆಯವನಿಗೆ ಅದು ಗೊತ್ತಿರದೆ ಹೇಗೆ? ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಕೊನೆಯದೊಂದು ಸಮಾಧಾನವಾದರೂ ಸಿಗಲೆಂದು ಕೇಳಿದೆ: "ಹಾಜಿಯವರೇ, ಅಷ್ಟು ಬೇಕಾದ ಚಿತ್ರವನ್ನು ಯಾಕೆ ಕೊಟ್ಟಿರಿ? ನನ್ನ ಯಾವ ಮಾತು ನಿಮಗೆ ಸರಿಯೆನಿಸಿತು?"

"ಮಾತು ಎಂತದೂ ನೆನಪಿಲ್ಲ ಮಾಸ್ಟ್ರೆ. ನೀವು ಮೂರು ಸಲ ಕೇಳಿದ್ರಿ. ಅದ್ರಲ್ಲೂ ಕಡೆಗೆ ಎಲ್ರ ಎದುರು. ಊರಿಂದ ಬಂದವ್ರು ಮೂರು ಸಲ ಕೇಳಿದ ಮೇಲೆ ಇಲ್ಲ ಹೇಳ್ಲಿಕ್ಕೆ ಆಗ್ತದಾ?"

ನಾನು ಪೊಟ್ಟಣವನ್ನು ಅವರ ಮುಂದಿಟ್ಟೆ. ದಯವಿಟ್ಟು ಇದನ್ನು ಮತ್ತೆ ಅಲ್ಲಿಯೇ ತೂಗುಹಾಕಿರೆಂದು ಬೇಡಿಕೊಂಡೆ. ಈ ಸಲ ಅಂಶಗಳಿರಲಿಲ್ಲ, ಬರೀ ಬೇಡಿಕೆ.

"ಕೊಟ್ಟದ್ದನ್ನು ವಾಪಸ್ ತೆಗೊಳ್ಳುವ ಕ್ರಮ ನಮ್ಮಲ್ಲಿ ಇಲ್ಲ" ಎಂದು ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದರು. ಬಳಿಕ ನನ್ನ ಮುಖದಲ್ಲಿ ಏನು ಕಂಡರೋ, ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಆ ಕಾಗದದ ಪಟ್ಟಿ ಇತ್ತು. ಎಡಕ್ಕೆ 22/75, ಬಲಕ್ಕೆ ಸಹಿ, ನಡುವೆ ಅವರ ತಂದೆ.

"ಇಷ್ಟು ಬೇಜಾರು ಮಾಡ್ಬೇಡಿ ಮಾರಾಯ್ರೆ. ಇದೂ ಬೇಕಾದ್ರೆ ತಕೊಳ್ಳಿ" ಎಂದು ನನ್ನೆದುರು ಹಿಡಿದರು.

ಅಂಟಿಸಿದರೆ ಕೂಡೀತು. ಗೀರು ಕಾಣದಂತೆ ಕೂಡಿಸುವವರು ಬೆಂಗಳೂರಿನಲ್ಲಿದ್ದಾರೆ. ಇದೆಲ್ಲ ಎಷ್ಟು ಬೇಗ ತಲೆಯಲ್ಲಿ ಹಾದುಹೋಯಿತೆಂದರೆ, ನಾನು "ಬೇಡ, ಖಂಡಿತ ಬೇಡ" ಎನ್ನುವ ಹೊತ್ತಿಗೆ ನನ್ನ ಬಲಗೈ ಆಗಲೇ ಮುಂದೆ ಹೋಗಿತ್ತು. ಮಾತು ಒಂದು ಹೇಳಿತು. ಕೈ ಅಂಗೈ ಚಾಚಿಕೊಂಡು ಅಲ್ಲಿಯೇ ನಿಂತಿತ್ತು. ಹಿಂದಕ್ಕೆ ಎಳೆದುಕೊಳ್ಳುವುದೂ ತಪ್ಪೊಪ್ಪಿಗೆಯೇ ಆಗುತ್ತಿತ್ತು. ರಘು ನೆಲ ನೋಡಿದ.

ಹಾಜಿಯವರು ಕೈಯನ್ನು ನೋಡಿದರು. ಪಟ್ಟಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡರು. ಬಳಿಕ, ನಾನು ಕೈ ಚಾಚಿದ್ದೇ ಅದಕ್ಕೆಂಬಂತೆ, ತಟ್ಟೆಯಿಂದ ಒಂದು ಖರ್ಜೂರವನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟರು.

"ತಿನ್ನಿ ಮಾಸ್ಟ್ರೆ. ಈ ವರ್ಷದ್ದು, ಒಳ್ಳೇದುಂಟು" ಎಂದರು.